ಕೌದಿಯ ಹೊಟ್ಟೆ

ಯಾದಗಿರಿ
13 ನವೆಂಬರ್ 2024

ಅವ್ವಾ,

ಈ ಕಾಗದವನ್ನು ಮುಸ್ತಫಾ ಮಾಮಾನ ಕೈಗೆ ಕೊಟ್ಟಿದ್ದೇನೆ. ನಾಳೆ ಅವನ ಟೆಂಪೋದಲ್ಲಿ ಬಟ್ಟೆಗಂಟುಗಳ ಜೊತೆ ನಿನಗೆ ಮುಟ್ಟುತ್ತದೆ. ತಮ್ಮ ಸಂಜುಕುಮಾರನ ಫೋನಿಗೆ ಮಾಡಬಹುದಿತ್ತು. ಆದರೆ ನಿನ್ನ ಮಂದ ಕಿವಿಗೆ ಬೀಳುವಷ್ಟು ಜೋರಾಗಿ ಅವನು ಕೂಗಿದರೆ ಓಣಿಗೆಲ್ಲ ಕೇಳಿಸುತ್ತದೆ. ಈ ವಿಷಯ ಓಣಿಗೆ ಬೇಡ. ಏಳನೆಯವರೆಗೆ ಓದಿದ್ದೀಯಲ್ಲ, ಬೆಳಕಿಗೆ ಕೂತು ನಿಧಾನಕ್ಕೆ ಓದು.

ನಾನು ಚೆನ್ನಾಗಿದ್ದೇನೆ. ಸುರಪುರದ ಬಟ್ಟೆ ಅಂಗಡಿಯಲ್ಲಿ ನಿಲ್ಲಲಿಲ್ಲ, ಶಹಾಪುರದ ಖಾರದ ಗಿರಣಿಯಲ್ಲಿ ನಿಲ್ಲಲಿಲ್ಲ, ಇಲ್ಲಿಯೂ ನಿಲ್ಲುವುದಿಲ್ಲ ಎಂದು ನೀನು ಹೇಳಿದ್ದೆ. ಇಲ್ಲಿ ಮನಸ್ಸು ನಿಂತಿದೆ. ಕೌದಿಮನೆ ಸಂಸ್ಥೆಯ ಗೋದಾಮು ಸ್ಟೇಷನ್ನಿನ ಹಿಂದಿದೆ. ಸುತ್ತಲ ಊರುಗಳಿಂದ ಬಂದ ಕೌದಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹಾಸಿ ನೋಡುವುದು ನನ್ನ ಕೆಲಸ. ಹೊಲಿಯಲು ನನ್ನ ಕೈ ಕೂರುವುದಿಲ್ಲ. ಆದರೆ ಕುಂದು ಹುಡುಕಲು ಕಣ್ಣು ಚುರುಕಾಗಿದೆ ಎಂದು ಸಂಸ್ಥೆ ನಡೆಸುವ ಯಶೋಧರಾ ಮೇಡಂ ನನ್ನನ್ನು ಇಲ್ಲಿ ಹಾಕಿದ್ದಾರೆ. ಪ್ರತಿ ಕೌದಿಗೂ ಒಂದು ಚೀಟಿ ಕಟ್ಟುತ್ತೇವೆ. ಅದರ ಒಂದು ಬದಿಗೆ ಹೊಲಿದವರ ಹೆಸರು ಇರುತ್ತದೆ. ಇನ್ನೊಂದು ಬದಿಗೆ 'ಇದರಲ್ಲಿ ಬಟ್ಟೆ ಮತ್ತು ನೂಲು ಬಿಟ್ಟು ಬೇರೇನೂ ಇಲ್ಲ' ಎಂದು ಅಚ್ಚಾಗಿದೆ. ಅದರ ಕೆಳಗೆ ನೋಡಿದವರು ಸಹಿ ಹಾಕಬೇಕು. ನೋಡಿದವಳು ನಾನು.

ನಿಮ್ಮ ಗುಂಪಿನ ಕೂಸಿನ ಕೌದಿಗಳು ಬಂದಾಗ ನನಗೆ ಎದೆಯುಬ್ಬಿತು. 'ರೇಣಮ್ಮ' ಎಂದಿರುವ ಚೀಟಿಯ ಹಿಂದೆ 'ನಂದಿನಿ' ಎಂದು ಬರೆಯುವಾಗ ಅಕ್ಷರ ಸ್ವಲ್ಪ ದೊಡ್ಡದೇ ಆಯಿತು. ಅರ್ಧ ಕೌದಿಗಳನ್ನು ನೋಡಿ, ಸಹಿ ಹಾಕಿ, ಪೆಟ್ಟಿಗೆಗೆ ತುಂಬಿದೆ.

ಸೋಮವಾರ ಬೆಳಿಗ್ಗೆ ಬಂದಾಗ ಉಳಿದ ಕೌದಿಗಳ ರಾಶಿಯತ್ತ ಕೆಂಪಿರುವೆಗಳು ಸಾಲು ಕಟ್ಟಿದ್ದವು. ಯಾರೋ ಚಹಾ ಚೆಲ್ಲಿರಬೇಕು ಎಂದುಕೊಂಡೆ. ಸಾಲು ಹಿಡಿದು ಹೋದೆ. ಅದು ಒಂದು ಕೌದಿಯ ಮೂಲೆಯೊಳಗೆ ಹೋಗುತ್ತಿತ್ತು. ಆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಗಟ್ಟಿಯಾಗಿ ಏನೋ ತಗುಲಿತು. ಪಕ್ಕದ ಕೌದಿಯ ಮೂಲೆ ಒತ್ತಿದೆ. ಅದರಲ್ಲೂ ಇತ್ತು. ಅದರ ಕೆಳಗಿನದರಲ್ಲೂ.

ಅವ್ವಾ, ನಮ್ಮ ಮನೆಯ ಕೌದಿಗೆ ಹಾಕುವ ಹಾಗೆ ಇವಕ್ಕೂ ಹೊಟ್ಟೆ ತುಂಬಿಸಿದ್ದೀರಾ? ಮಾರುವ ಕೌದಿಗೂ? ಇಲ್ಲ ಎಂದು ಬರೆ. ಗಂಟು ಬಿದ್ದ ದಾರ ಒಳಗೆ ಉಳಿದಿದೆ ಎಂದು ಬರೆ. ಆದರೆ ನಿಜ ಇದ್ದಂತೆ ಬರೆ.

ನಿನ್ನ
ನಂದಿನಿ


ಮನೆಯಿಂದ
15 ನವೆಂಬರ್ 2024

ನಂದಿನಿ,

ಮುಸ್ತಫಾ ನಿನ್ನೆ ರಾತ್ರಿ ಕೊಡೇಕಲ್‌ನಲ್ಲಿ ತನ್ನ ತಂಗಿಯ ಮನೆಯಲ್ಲಿ ಉಳಿದು ಈಗ ಬಂದಿದ್ದಾನೆ. ಬೇಗ ಬರೆ ಎಂದು ಕೈಸನ್ನೆ ಮಾಡುತ್ತಿದ್ದಾನೆ. ಅವನಿಗೊಂದು ರೊಟ್ಟಿ ಕೊಟ್ಟು ಕೂರಿಸಿದ್ದೇನೆ.

ಹೌದು, ತುಂಬಿಸಿದ್ದೇವೆ. ಇದೇನು ಕೇಳುವ ಮಾತು? ಕೊನೆಯ ಮೂಲೆ ಮುಚ್ಚುವ ಮುಂಚೆ ಹೋಳಿಗೆಯ ಚೂರು, ನಾಲ್ಕು ಜೋಳದ ಕಾಳು ಒಳಗಿಟ್ಟು ಹೊಲಿಯುವುದನ್ನು ನೀನು ನೋಡುತ್ತಲೇ ಬೆಳೆದಿದ್ದೀ. ಹಸಿದ ಕೌದಿ ತನ್ನನ್ನು ಹೊದ್ದವರನ್ನೂ ಹಸಿವಿಗೆ ಹಾಕುತ್ತದೆ. ಇವು ಕೂಸಿನ ಕೌದಿಗಳು. ನಾಲಿಗೆ ತಿರುಗದ ಕೂಸು ಹಸಿವಾದರೆ ಯಾರಿಗೆ ಹೇಳೀತು? ಹಾಗಾಗಿ ಮಾರಾಟದ್ದೆಂದು ಕಂಜೂಸುತನ ಮಾಡಲಿಲ್ಲ. ಬೇಳೆ ಬೇಯಿಸಿ, ಬೆಲ್ಲ ಹಾಕಿ, ನಮ್ಮ ಮನೆಯಲ್ಲೇ ಹೋಳಿಗೆ ಮಾಡಿದೆವು. ಖಾಜಾಬೀ ತನ್ನವಕ್ಕೆ ಚಪಾತಿ ಮುರಿದು ಬೆಲ್ಲ ಕಲಸಿ ಮಲೀದಾ ಇಟ್ಟಳು. ಅವಳ ತಾಯಿಯೂ ಹಾಗೇ ಮಾಡುತ್ತಿದ್ದಳಂತೆ.

ತರಬೇತಿಯ ದಿನ ಯಶೋಧರಾ ಮೇಡಂ, "ಬಟ್ಟಿ, ನೂಲು ಬಿಟ್ಟು ಬ್ಯಾರೇನೂ ಹಾಕಂಗಿಲ್ಲಲ್ಲ?" ಎಂದು ಕೇಳಿದ್ದರು. ಪಕ್ಕದವಳು ನನ್ನ ಕಿವಿಯ ಹತ್ತಿರ ಬಂದು ಅದನ್ನೇ ಹೇಳಿದಳು. "ಇಲ್ರಿ" ಎಂದೆವು. ಅದು ಸುಳ್ಳಲ್ಲ. ಹೊಟ್ಟೆಯೊಳಗಿನ ಅನ್ನವನ್ನು ಯಾರಾದರೂ 'ಬೇರೇನೋ' ಎನ್ನುತ್ತಾರೆಯೇ?

ಹೊಲಿದವರ ಕೈಗೇ ನ್ಯಾಯದ ಬೆಲೆ ಕೊಡುವ ಸಂಸ್ಥೆ ಇದು, ನಡುವೆ ದಲಾಲಿಗಳಿಲ್ಲ ಎಂದು ಮೇಡಂ ಹೇಳಿದಾಗ ಹಣಮಂತಮ್ಮ, "ನ್ಯಾಯಬೆಲಿ ಅಂದ್ರ ರೇಷನ್ ಅಂಗಡಿ ಅಲ್ಲೇನ್ರಿ? ಹೆಬ್ಬಟ್ಟು ಬರಲಿಲ್ಲಂದ್ರ ವಾಪಸ್ ಕಳಿಸ್ತೀರೇನು?" ಎಂದು ನಗಿಸಿದ್ದಳು. ಆದರೆ ಮೇಡಂ ಹೇಳಿದ ಬೆಲೆಯನ್ನೇ ಕೊಟ್ಟರು. ನ್ಯಾಯದ ಬೆಲೆ ತೆಗೆದುಕೊಂಡ ಮೇಲೆ ಹಸಿದ ಕೌದಿ ಕೊಡುವುದು ಮೋಸ. ಇರುವೆ ಬಂದರೆ ಬಿಸಿಲಿಗೆ ಹಾಕಿ ಜಾಡಿಸು.

ನಿಮ್ಮಪ್ಪ ನಾರಾಯಣಪುರದ ಕಾಲುವೆ ಕಡೆ ಕುರಿ ಹೊಡೆದುಕೊಂಡು ಹೋಗಿದ್ದಾನೆ. ಹೊತ್ತಿಗೆ ಸರಿಯಾಗಿ ಉಣ್ಣು.

ಅವ್ವ


ಯಾದಗಿರಿ
20 ನವೆಂಬರ್ 2024

ಅವ್ವಾ,

ಜಾಡಿಸಿದರೆ ಹೋಗುವ ವಿಷಯ ಇದಲ್ಲ.

ಇವು ಹಡಗಿನಲ್ಲಿ ಹೊರದೇಶಕ್ಕೆ ಹೋಗುವ ಕೌದಿಗಳು. ಅಲ್ಲಿಯ ಬಂದರಿನಲ್ಲಿ ಪೆಟ್ಟಿಗೆ ತೆರೆದು ನೋಡುತ್ತಾರೆ. ಕಾಳು, ತಿನಿಸು, ಹುಳ ಏನು ಸಿಕ್ಕರೂ ಇಡೀ ಸರಕನ್ನು ಸುಟ್ಟುಬಿಡುತ್ತಾರಂತೆ. ಬೇರೆ ಯಾವುದೋ ಜಿಲ್ಲೆಯವರ ಬುಟ್ಟಿಗಳಲ್ಲಿ ನುಸಿ ಸಿಕ್ಕಿದ್ದಕ್ಕೆ ಅವರ ಹೆಸರನ್ನೇ ಹೊಡೆದುಹಾಕಿದರೆಂದು ಮೇಡಂ ಮೊದಲ ದಿನವೇ ನನಗೆ ಹೇಳಿದ್ದರು. ಈ ಸರಕು ಒಪ್ಪಿಗೆಯಾದರೆ ನಿಮ್ಮ ಗುಂಪಿಗೆ ವರ್ಷವಿಡೀ ಕೆಲಸ. ಸುಟ್ಟುಹೋದರೆ ಮತ್ತೆ ಯಾರೂ ನಿಮ್ಮ ಬಾಗಿಲಿಗೆ ಬರುವುದಿಲ್ಲ. ಲಾರಿ ಮುಂದಿನ ಶುಕ್ರವಾರ ಹೊರಡುತ್ತದೆ.

ನಿನ್ನ ಕಾಗದ ಬಂದಾಗಿನಿಂದ ನಾನು ಒಂದು ಚೀಟಿಗೂ ಸಹಿ ಹಾಕಿಲ್ಲ. ಮೇಡಂ ಮೇಜಿನ ಹತ್ತಿರ ಬಂದು, "ಯಾಕ ನಂದಿನಿ, ಕೈ ನಿಂತದ?" ಎಂದರು. "ಇನ್ನೂ ನೋಡಬೇಕ್ರಿ" ಎಂದೆ. ಸುಳ್ಳು ಹೇಳಲಿಲ್ಲ. ಮೊದಲೇ ಸಹಿ ಹಾಕಿದ ಚೀಟಿಗಳು ಪೆಟ್ಟಿಗೆಯೊಳಗಿವೆ. 'ಬೇರೇನೂ ಇಲ್ಲ' ಎನ್ನುವ ಮಾತಿನ ಕೆಳಗೆ ನನ್ನ ಹೆಸರಿದೆ. ಊಟಕ್ಕೆ ಕೂತರೆ ಅದೇ ನೆನಪಾಗುತ್ತದೆ. ಬಸ್ಸಿನ ಹಾರ್ನು ಕೇಳಿದರೂ ಲಾರಿ ಬಂತೇನೋ ಎಂದು ಬೆಚ್ಚುತ್ತೇನೆ.

ನಾನೇ ಬಿಚ್ಚೋಣವೆಂದು ನಿನ್ನ ಹೊಲಿಗೆಯ ಒಂದು ಕೌದಿ ಎತ್ತಿಕೊಂಡೆ. ಕತ್ತರಿಯ ತುದಿ ಮೂಲೆಗೆ ತಾಗಿಸಿದೆ. ಆಗಲಿಲ್ಲ. ಜ್ವರ ಬಂದಾಗಲೆಲ್ಲ ನೀನು ನನಗೆ ಹೊದಿಸಿ, ಹೊಟ್ಟೆ ತುಂಬಿದ ಕೌದಿ, ಮಲಗು ಎನ್ನುತ್ತಿದ್ದೆಯಲ್ಲ. ಕತ್ತರಿ ಕೆಳಗಿಟ್ಟೆ.

ನೀವೇ ಬನ್ನಿ. ಮುಸ್ತಫಾ ಮಾಮಾನ ಟೆಂಪೋದಲ್ಲೇ ಬನ್ನಿ. ಮೇಡಂಗೆ ನೀನೇ ಹೇಳು. ಗೊತ್ತಾಗದೆ ಆಗಿದೆ, ಬಿಚ್ಚಿ ಸರಿಮಾಡುತ್ತೇವೆ ಎಂದು ಹೇಳು. ಹೊಲಿದವರೇ ಹೇಳಿದರೆ ಒಂದು ತೂಕ. ನಾನು ಹೇಳಿದರೆ ಅದು ದೂರು.

ನಂದಿನಿ


ಮನೆಯಿಂದ
22 ನವೆಂಬರ್ 2024

ನಂದಿನಿ,

ನಿನ್ನ ಕಾಗದವನ್ನು ಗುಂಪಿನಲ್ಲಿ ಓದಿದೆ. ಓದಬಾರದಿತ್ತೇನೋ. ಆದರೆ ಕೌದಿ ನನ್ನೊಬ್ಬಳವಲ್ಲ.

ಮರಿಲಿಂಗಮ್ಮ ಅಲ್ಲೇ ಅಳಲು ಕೂತಳು. ಈ ವರ್ಷ ಪುಣೆಗೆ ಗಾರೆ ಕೆಲಸಕ್ಕೆ ಹೋಗುವುದಿಲ್ಲ ಎಂದು ಗಂಡನಿಗೆ ಹೇಳಿ ಉಳಿದವಳು ಅವಳು. ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಿದ್ದಾರೆ. ಕೆಲಸ ಹೋದರೆ ಮಕ್ಕಳನ್ನೂ ಕಟ್ಟಿಕೊಂಡು ಮತ್ತೆ ರೈಲು ಹತ್ತಬೇಕು. ಹಣಮಂತಮ್ಮ ನನ್ನ ಮುಖಕ್ಕೆ ಮುಖ ತಂದು, ನನಗೆ ಕೇಳಲೆಂದೋ ಇಡೀ ಓಣಿಗೆ ಕೇಳಲೆಂದೋ ಕೂಗಿದಳು.

"ನಿನ್ನ ಮಗಳ ಬಾಯಾಗ ಮಾತು ನಿಲ್ಲಂಗಿಲ್ಲ ರೇಣಕ್ಕ, ತೂತು ಚೀಲದಾಗಿನ ನುಚ್ಚಿನಂಗ ಸೋರ್ತದ. ಅಷ್ಟು ದೂರ ಯಾರು ಮೂಲಿ ಒತ್ತಿ ನೋಡ್ತಾರ? ಆಕಿಗಿ ಹೇಳು, ಬಾಯಿಗೂ ಎರಡು ಹೊಲಿಗಿ ಹಾಕ್ಕೊ ಅಂತ."

ಖಾಜಾಬೀ ಒಬ್ಬಳೇ, "ಹುಡುಗಿ ಸಹಿ ಹಾಕ್ಯಾಳಲ್ಲ, ನಾಳೆ ಆಕಿನ್ನ ಹಿಡೀತಾರ" ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬಿಚ್ಚಲು ಯಾರೂ ಒಪ್ಪಲಿಲ್ಲ. ನಾನೂ ಒಪ್ಪುವುದಿಲ್ಲ. ಉಣ್ಣುತ್ತಿದ್ದವನ ಬಾಯೊಳಗಿನ ತುತ್ತು ಕಿತ್ತಂತೆ ಅದು.

ಇನ್ನೊಂದು ಮಾತು. ಹತ್ತನೆಯ ಪರೀಕ್ಷೆಯಲ್ಲಿ ಮೇಷ್ಟ್ರು ಉತ್ತರ ಹೇಳಿಕೊಡುತ್ತಿದ್ದಾರೆ ಎಂದು ತಪಾಸಣೆಗೆ ಬಂದವರಿಗೆ ನೀನು ಎದ್ದು ನಿಂತು ಹೇಳಿದೆ. ನೀನು ಹೇಳಿದ್ದು ನಿಜ. ಆದರೆ ಇಡೀ ಊರಿನ ಮಕ್ಕಳ ಪರೀಕ್ಷೆ ರದ್ದಾಯಿತು. ಮತ್ತೆ ನೀನು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಆಗ ನಾನು ನಿನ್ನನ್ನು ಒಂದು ಮಾತೂ ಬೈಯಲಿಲ್ಲ. ಈಗ ಹೇಳುತ್ತಿದ್ದೇನೆ. ಇದರಲ್ಲಿ ನಿನ್ನೊಬ್ಬಳ ಅನ್ನವಿಲ್ಲ. ಸುಮ್ಮನಿರು. ಸಹಿ ಹಾಕಲಾಗದಿದ್ದರೆ ಕೆಲಸ ಬಿಟ್ಟು ಬಾ. ಬೇರೆ ಯಾರಾದರೂ ಹಾಕಲಿ.

ಅವ್ವ


ಯಾದಗಿರಿ
27 ನವೆಂಬರ್ 2024

ಅವ್ವಾ,

ಹೇಳಿಬಿಟ್ಟೆ.

ಈ ಕಾಗದದ ಜೊತೆ ನಿಮ್ಮ ಕೌದಿಗಳೂ ವಾಪಸು ಬರುತ್ತಿವೆ. ಟೆಂಪೋದಿಂದ ಅವು ಇಳಿಯುವುದನ್ನು ನೋಡಿದಾಗಲೇ ನಿನಗೆ ಗೊತ್ತಾಗಿರುತ್ತದೆ. ಆದರೂ ನಡೆದದ್ದನ್ನು ನನ್ನ ಬಾಯಿಂದಲೇ ಕೇಳು. ಬೇರೆಯವರು ಬೇರೆ ರೀತಿ ಹೇಳುತ್ತಾರೆ.

ಕೆಲಸ ಬಿಟ್ಟು ಬರೋಣವೆಂದೇ ಮೇಡಂ ಹತ್ತಿರ ಹೋದೆ. ನಾನು ಹೋದರೆ ಆ ಮೇಜಿಗೆ ಗುಲಫಶಾ ಬರುತ್ತಾಳೆ. ನನಗಿಂತ ಚಿಕ್ಕವಳು, ಪೆಟ್ಟಿಗೆಗೆ ಅಂಟು ಹಚ್ಚುವ ಹುಡುಗಿ. ಅವಳು ಏನೂ ಗೊತ್ತಿಲ್ಲದೆ ಸಹಿ ಹಾಕುತ್ತಾಳೆ. ಸಿಕ್ಕಿಬಿದ್ದರೆ ಅವಳ ಹೆಸರು. ಬಾಗಿಲಲ್ಲಿ ನಿಂತಾಗ ಇದು ಹೊಳೆಯಿತು. ಅಲ್ಲಿಂದ ಮುಂದೆ ಬಾಯಿ ನನ್ನ ಮಾತು ಕೇಳಲಿಲ್ಲ.

"ಮೇಡಂ, ನಮ್ಮೂರಿನ ಕೌದಿಯೊಳಗ ಹೋಳಗಿ ಅದ ರಿ."

ಮೇಡಂ ಫೋನಿನಿಂದ ಮುಖವೆತ್ತಿ ನಕ್ಕರು. "ಏನಂದಿ? ಹೋಳಗಿನಾ?"

"ಹೌದ್ರಿ. ಮತ್ತ ಜೋಳದ ಕಾಳು. ಖಾಜಾಬೀ ಚಿಕ್ಕಮ್ಮನದ್ರಾಗ ಮಲೀದಾ ಅದ."

"ಯಾವುದ್ರಾಗ ಅದ?"

"ಎಲ್ಲಾದ್ರಾಗೂ ಅದ ರಿ. ನಾ ಒತ್ತಿ ನೋಡೀನಿ."

ಅವರ ನಗು ಮುಖದ ಮೇಲೆಯೇ ಉಳಿದಿತ್ತು, ಕಣ್ಣು ಮಾತ್ರ ಬೇರೆಯಾದವು. "ನಿಮ್ಮವ್ವನ ಕೌದಿಯೊಳಗೂ?"

"ನಮ್ಮವ್ವನೇ ಹೋಳಗಿ ಮಾಡ್ಯಾಳ್ರಿ."

ಅವರು ಒಂದು ಕೌದಿ ತರಿಸಿದರು. ಮೂಲೆ ಒತ್ತಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಮೂಲೆಯ ಮೇಲೆಯೇ ಬೆರಳಿಟ್ಟು, "ಶಹಾಪುರದಾಗ ನಮ್ಮ ಅಮ್ಮನೂ ಹಾಕ್ತಿದ್ಳು. ನಂಗ ಮರತಽ ಹೋಗಿತ್ತು ನೋಡು. ತರಬೇತಿಯೊಳಗ ನಾ ಕೇಳಬೇಕಿತ್ತು" ಎಂದರು. ಆಮೇಲೆ ಸಹಿಯಾದ ಪೆಟ್ಟಿಗೆಗಳನ್ನೂ ಬಿಚ್ಚಿಸಿದರು. ನನ್ನ ಚೀಟಿಗಳನ್ನು ನನ್ನ ಕೈಯಿಂದಲೇ ಹರಿದುಹಾಕಿಸಿದರು. ಲಾರಿ ಬೇಡವೆಂದು ಫೋನ್ ಮಾಡಿದರು. ಕೊಳ್ಳುವವರಿಗೆ ನಿಜ ತಿಳಿಸುತ್ತೇನೆ, ಅವರು ಏನನ್ನುತ್ತಾರೋ ಗೊತ್ತಿಲ್ಲ ಎಂದರು.

ಸುಮ್ಮನಿರು ಎಂದು ನೀನು ಹೇಳಿದ್ದೆ. ಅದನ್ನು ಓದಿಯೂ ಹೇಳಿದ್ದೇನೆ. ತಿಳಿಯದೆ ಆಯಿತು ಎಂದು ಬರೆಯಲಾರೆ. ಮರಿಲಿಂಗಮ್ಮ ಅತ್ತೆಯ ಮಕ್ಕಳ ಮುಖ ಕಣ್ಣ ಮುಂದೆ ಇಟ್ಟುಕೊಂಡೇ ಹೇಳಿದೆ. ಅವರು ಮತ್ತೆ ರೈಲು ಹತ್ತಿದರೆ ಅದು ನನ್ನಿಂದ.

ಮೇಡಂ ಹೇಳಿ ಕಳಿಸಿದ್ದು ಇಷ್ಟು: ಮೂಲೆ ಬಿಚ್ಚಿ, ಒಳಗಿನದ್ದು ತೆಗೆದು, ಬಿಸಿಲಿಗೆ ಹಾಕಿ, ಮತ್ತೆ ಹೊಲಿದು ಕೊಡಿ. ಅವರು ಯಾರ ಮೇಲೂ ಸಿಟ್ಟಾಗಿಲ್ಲ.

ನೀನು?

ನಂದಿನಿ


ಯಾದಗಿರಿ
11 ಡಿಸೆಂಬರ್ 2024

ಅವ್ವಾ,

ಎರಡು ಸಲ ಟೆಂಪೋ ಬಂತು. ಕಾಗದವಿಲ್ಲ, ಕೌದಿಯೂ ಇಲ್ಲ. ಮುಸ್ತಫಾ ಮಾಮಾನನ್ನು ಕೇಳಿದೆ. "ಅರೆ ಬೇಟಿ, ನಿಮ್ಮವ್ವ ಚಹಾ ಕೊಟ್ಲು, ರೊಟ್ಟಿ ಕೊಟ್ಲು. ಕಾಗದ ಅದ ಏನಕ್ಕಾ ಅಂತ ಕೈ ಮಾಡಿ ಕೇಳೀನಿ. ತಲಿ ಆಡಿಸಿ ಒಳಗ ಹೋದ್ಲು" ಎಂದ. ಕೌದಿಗಳು ಎಲ್ಲಿವೆ ಎಂದರೆ, "ನಡುಮನ್ಯಾಗ ಒಟ್ಟ್ಯಾರ. ಮ್ಯಾಲೆ ಧೋತರ ಮುಚ್ಚ್ಯಾರ. ಯಾರೂ ಮುಟ್ಟವಲ್ರು" ಎಂದ.

ಕೊಳ್ಳುವವರು ಉತ್ತರ ಕೊಟ್ಟಿದ್ದಾರೆ. ಜನವರಿಯ ಹಡಗಿನವರೆಗೆ ಕಾಯುತ್ತಾರಂತೆ. ಆದರೆ ಹೊಲಿದವರು ಪ್ರತಿಯೊಬ್ಬರೂ ಒಂದು ಕರಾರಿಗೆ ಸಹಿ ಹಾಕಬೇಕು: ಒಳಗೆ ತಿನ್ನುವಂಥದ್ದು ಏನೂ ಇಲ್ಲ, ಇನ್ನು ಮುಂದೆಯೂ ಹಾಕುವುದಿಲ್ಲ ಎಂದು. ಒಬ್ಬರು ಬಿಟ್ಟರೂ ಇಡೀ ಗುಂಪಿನ ಕೆಲಸ ಹೋಗುತ್ತದೆ. ಕರಾರಿನ ಹಾಳೆಗಳನ್ನು ಇದರ ಜೊತೆ ಕಳಿಸಿದ್ದೇನೆ.

ನನ್ನನ್ನು ಬೈದಾದರೂ ಬರೆ. ನಿನ್ನ ಬೈಗುಳವಾದರೆ ತಡೆದುಕೊಳ್ಳಬಲ್ಲೆ.

ನಂದಿನಿ


ಯಾದಗಿರಿ
25 ಡಿಸೆಂಬರ್ 2024

ಅವ್ವಾ,

ಈ ಸಲವೂ ಇಲ್ಲ. ಸಂಜುಕುಮಾರನಿಗೆ ಫೋನ್ ಮಾಡಿದೆ. "ಅವ್ವ ಎಲ್ಲರ ಮನಿಗೂ ತಿರಗಾಡಾಕತ್ತಾಳ. ಏನಂತ ನಂಗೂ ಹೇಳವಲ್ಲಳು" ಎಂದ. ಹಿಂದೆ ಹಣಮಂತಮ್ಮ ಅತ್ತೆಯ ದನಿ ಕೇಳಿಸಿತು. "ಯಾರಾಕಿ? ಹೆತ್ತಾಕಿಮ್ಯಾಗ ಚಾಡಿ ಹೇಳಿದಾಕ್ಯಾ?" ತಮ್ಮ ಫೋನ್ ಇಟ್ಟುಬಿಟ್ಟ.

ಜನವರಿ ಹತ್ತಿರ ಬಂತು. ಮೇಡಂ ಏನೂ ಕೇಳುವುದಿಲ್ಲ. ಟೆಂಪೋ ಓಡುವ ಗುರುವಾರ, ಶುಕ್ರವಾರ ಬಾಗಿಲಿನತ್ತ ನೋಡುತ್ತಾರೆ, ಅಷ್ಟೇ. ನಾನೂ ನೋಡುತ್ತೇನೆ.

ಎಳ್ಳಮಾಸಿಯ ದಿನ ಹೊಲಕ್ಕೆ ಎಡೆ ಚೆಲ್ಲುವ ಚರಗಕ್ಕೆ ಊರಿಗೆ ಬರಲೇ? ಬಾ ಎಂದರೆ ಬರುತ್ತೇನೆ. ಹೇಳದಿದ್ದರೆ ಬರುವುದಿಲ್ಲ.

ನಂದಿನಿ


ಮನೆಯಿಂದ
3 ಜನವರಿ 2025

ನಂದಿನಿ,

ನಿನಗೆ ಬಾ ಎಂದು ಬರೆಯಲಿಲ್ಲ. ಬಂದಿದ್ದರೆ ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ. ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ಕೌದಿಗಳು ಬರುತ್ತಿವೆ. ಬಿಚ್ಚಿದ್ದೇವೆ.

ಬಿಚ್ಚುವುದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿತ್ತು. ತೆಗೆದದ್ದನ್ನು ಏನು ಮಾಡುವುದು? ಕಸಕ್ಕೆ ಹಾಕುವ ಹಾಗಿಲ್ಲ, ನಾಯಿಗೆ ಹಾಕುವ ಹಾಗಿಲ್ಲ. ಇದಕ್ಕೆ ಉತ್ತರ ಸಿಗದೆ ನಾನು ಧೋತರ ಎತ್ತಲಿಲ್ಲ. ನಿನಗೆ ಬರೆಯಲೂ ಇಲ್ಲ. ಬಿಚ್ಚುತ್ತೇವೆ ಎಂದು ಬರೆದು ಬಿಚ್ಚಲಾಗದೆ ಹೋದರೆ ಅದು ಸುಳ್ಳಾಗುತ್ತಿತ್ತು.

ನಿಮ್ಮಪ್ಪ ಕಾಲುವೆಯಿಂದ ಬಂದವನು ಕೌದಿಗಳ ರಾಶಿ ನೋಡಿ ಎಲ್ಲ ಕೇಳಿದ. ಆಮೇಲೆ ನನ್ನ ಕಿವಿಗೆ ಬಾಯಿ ಇಟ್ಟು, "ಎಳ್ಳಮಾಸಿ ಬಂತಲ್ಲ, ಚರಗದಾಗ ಹಾಕ್ರಿ. ಹೊಲದ ತಾಯಿಗಿ ಕೊಟ್ರ ಕಿತ್ಕೊಂಡಂಗ ಹ್ಯಾಂಗಾತದ?" ಎಂದ. ಕುರಿ ಕಾಯುವವನಿಗೆ ಇದ್ದಷ್ಟು ಬುದ್ಧಿ ನಮಗೆ ಇಷ್ಟು ದಿನ ಇರಲಿಲ್ಲ ಎಂದೆ. "ಕುರಿ ಹಿಂದ ತಿರಗಿದ್ರ ಬರ್ತದ, ನೀನೂ ಬಾ" ಎಂದು ನಕ್ಕ.

ಮನೆಮನೆಗೆ ಹೋಗಿ ಒಪ್ಪಿಸಿದೆ. ಹಣಮಂತಮ್ಮ ಕೊನೆಗೆ ಒಪ್ಪಿದವಳು. ಅಮಾವಾಸ್ಯೆಯ ಹಿಂದಿನ ದಿನ ಎಲ್ಲರೂ ನಮ್ಮ ನಡುಮನೆಯಲ್ಲಿ ಕೂತೆವು. ಯಾರೂ ಮೊದಲು ಕತ್ತರಿ ಎತ್ತಲಿಲ್ಲ. ನನ್ನ ಕೌದಿಯನ್ನು ನಾನೇ ಬಿಚ್ಚಿದೆ. ಹೋಳಿಗೆ ಕಲ್ಲಾಗಿತ್ತು. ಕೆಲವುಗಳಲ್ಲಿ ಹುಡಿಯಷ್ಟೇ ಉಳಿದಿತ್ತು, ಹುಳಗಳು ಓಡಾಡುತ್ತಿದ್ದವು. ಅದನ್ನು ಕಂಡು ಮರಿಲಿಂಗಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡಳು. ಯಾರೂ ನಿನ್ನ ಹೆಸರು ಎತ್ತಲಿಲ್ಲ. ಬೈಯಲೂ ಇಲ್ಲ. ಅದನ್ನು ಗಮನಿಸಿದೆ, ಅದಕ್ಕೇ ಬರೆಯುತ್ತಿದ್ದೇನೆ.

ತೆಗೆದದ್ದನ್ನೆಲ್ಲ ಮೊರದಲ್ಲಿ ಕೂಡಿಸಿ, ಮಾರನೆಯ ದಿನ ಹೊಲದಲ್ಲಿ ಸಜ್ಜೆಯ ಕಡುಬು, ಭಜ್ಜಿಯ ಚರಗದ ಜೊತೆ ಜೋಳದ ಸಾಲುಗಳಿಗೆ ಚೆಲ್ಲಿದೆವು. ಖಾಜಾಬೀಯೂ ಬಂದಿದ್ದಳು. ತನ್ನ ಮಲೀದಾ ತಾನೇ ಚೆಲ್ಲಿದಳು.

ಕೌದಿಗಳನ್ನು ಬಿಸಿಲಿಗೆ ಹಾಕಿ ಮೂಲೆ ಹೊಲಿದೆವು. ಖಾಲಿ ಮೂಲೆ ಹೊಲಿಯುವಾಗ ಸೂಜಿ ಎಷ್ಟು ಸಲೀಸಾಗಿ ಹೋಗುತ್ತದೆ ಗೊತ್ತೇ? ಆ ಸಲೀಸು ನನಗೆ ಸೇರಲಿಲ್ಲ.

ಈಗ ಕರಾರಿನ ಮಾತು. ಎಲ್ಲರ ಸಹಿಯೂ ಹೆಬ್ಬಟ್ಟೂ ಇವೆ. ನನ್ನದೊಂದು ಇಲ್ಲ. ಒಳಗೆ ತಿನ್ನುವಂಥದ್ದು ಏನೂ ಇಲ್ಲ ಎಂದು ನಾನು ಬರೆದುಕೊಡಬಲ್ಲೆ, ಅದು ನಿಜ. ಆದರೆ ಕೊಳ್ಳುವ ತಾಯಿಗೆ ಅದು ಹಸಿದ ಕೌದಿ ಎಂದು ಗೊತ್ತಿಲ್ಲ. ನಾವು ಗೊತ್ತಿದ್ದೂ ಹೇಳದೆ ಮಾರುತ್ತಿದ್ದೇವೆ. ಹೊಟ್ಟೆಯೊಳಗೆ ನಿಜ ಇಟ್ಟುಕೊಂಡು ಒಂದು ರಾತ್ರಿಯೂ ಮಲಗಲಾರದವಳು ನೀನು. ಇದನ್ನು ಹೇಗೆ ಮುಚ್ಚಿಟ್ಟುಕೊಳ್ಳುತ್ತೀ?

ಚೀಟಿಯಲ್ಲಿ ಬರೆ. ಕೌದಿಗೆ ಉಣಿಸಿಲ್ಲ ಎಂದು ಬರೆ. ಉಣಿಸದ ಕೌದಿಯನ್ನು ಹೇಗೆ ಹೊದಿಸಬೇಕೆಂದೂ ಬರೆ. ಆ ಮಾತನ್ನು ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ, ಒಂದಕ್ಷರವೂ ಬದಲಿಸಬೇಡ. ಅದು ಚೀಟಿಯ ಮೇಲೆ ಬಂದ ದಿನ ನನ್ನ ಸಹಿ ಬರುತ್ತದೆ.

ನಿನಗೆಂದು ಎತ್ತಿಟ್ಟ ಕಡುಬು ಮುಸ್ತಫಾನ ಕೈಯಲ್ಲಿದೆ. ದಾರಿಯಲ್ಲಿ ಅವನೇ ತಿಂದರೆ ಜಗಳ ಮಾಡಬೇಡ.

ಅವ್ವ


ಯಾದಗಿರಿ
15 ಜನವರಿ 2025

ಅವ್ವಾ,

ಅರ್ಧ ಕಡುಬು ಮುಟ್ಟಿತು. ಅರ್ಧ ಸುರಪುರದ ಹತ್ತಿರ ಮುಗಿಯಿತಂತೆ.

ನಿನ್ನ ಕಾಗದ ಓದಿ ನನಗೆ ಮೊದಲು ಸಿಟ್ಟು ಬಂತು. ಇಷ್ಟಾದ ಮೇಲೂ ಒಂದು ಸಹಿಗೆ ಇಡೀ ಗುಂಪನ್ನು ನಿಲ್ಲಿಸಿದ್ದೀಯಲ್ಲ ಎಂದು. ಆಮೇಲೆ ಮತ್ತೆ ಓದಿದೆ. ನಾನು ಯಾರ ಮಗಳು ಎನ್ನುವುದು ಗೊತ್ತಾಯಿತು.

ಮೇಡಂಗೆ ತೋರಿಸಿದೆ. ಅವರು ತಲೆ ಹಿಡಿದುಕೊಂಡರು. "ಉಣಿಸಿಲ್ಲ ಅಂತ ನಾವಽ ಬರದ್ರ ಯಾರ್ ಕೊಳ್ತಾರ, ನಂದಿನಿ? ಅಂಗಡ್ಯಾಗ ಇಟ್ಟ ಹಾಲಿನ ಮ್ಯಾಲೆ ನೀರು ಬೆರೆಸೇವಿ ಅಂತ ಬರದಂಗಾಯ್ತು."

"ನೀರು ಬೆರೆಸಿದ್ರ ಬರೀಬೇಕಲ್ಲೇನ್ರಿ" ಎಂದೆ.

"ನೀ ಮತ್ತ ನಿಮ್ಮವ್ವ ಸೇರಿ ನನ್ನ ಸಂಸ್ಥಿ ಮುಚ್ಚಸ್ತೀರಿ ನೋಡು." ನಗಲಿಲ್ಲ ಅವರು. ಆಮೇಲೆ, ಕೊಳ್ಳುವವರನ್ನು ಕೇಳದೆ ಚೀಟಿಯಲ್ಲಿ ಹಾಕಿಬಿಡೋಣ, ಕೇಳಿದರೆ ಬೇಡ ಎನ್ನುತ್ತಾರೆ ಎಂದರು. ನನಗೆ ಎಷ್ಟು ಆಸೆಯಾಯಿತೆಂದರೆ, ಹೂಂ ಎಂದೇಬಿಡುತ್ತಿದ್ದೆ. ಅನ್ನಲಿಲ್ಲ. "ಕೇಳ್ರಿ ಮೇಡಂ" ಎಂದೆ. ಮೇಡಂ ನಿನ್ನ ಮಾತನ್ನು ಕೊಳ್ಳುವವರ ಭಾಷೆಗೆ ಮಾಡಿ ಕಳಿಸಿದರು. ಉತ್ತರ ಬರುವವರೆಗೆ ನಾನು ಗೋದಾಮಿನ ಒಳಗೂ ಹೊರಗೂ ನಡೆದು ಚಪ್ಪಲಿ ಸವೆಸಿದೆ. ಹಡಗಿನ ದಿನ ಹತ್ತಿರವಿತ್ತು, ಕೌದಿಗಳು ಮಡಚಿ ಸಿದ್ಧವಾಗಿದ್ದವು, ನಿನ್ನ ಸಹಿ ಒಂದಿರಲಿಲ್ಲ. ಅವರು ಬೇಡ ಎಂದರೆ ನೀನು ಹಾಕುವುದಿಲ್ಲ. ಹಾಕು ಎಂದು ನಾನು ನಿನಗೆ ಹೇಗೆ ಬರೆಯಲಿ?

ಇವತ್ತು ಮಧ್ಯಾಹ್ನ ಬಂತು. ಈ ಸರಕನ್ನು ತೆಗೆದುಕೊಳ್ಳುತ್ತಾರೆ, ಚೀಟಿಯ ಮಾತಿನ ಸಮೇತ. ಆದರೆ ವರ್ಷದ ಕರಾರು ಇಲ್ಲ. ಆರು ತಿಂಗಳಿಗೆ ಮಾತ್ರ, ಈ ಕೌದಿಗಳು ಹೇಗೆ ಹೋಗುತ್ತವೆಂದು ನೋಡಿ ಮುಂದಿನ ಮಾತು ಎಂದಿದ್ದಾರೆ. ಮರಿಲಿಂಗಮ್ಮ ಅತ್ತೆಗೆ ಪೂರ್ತಿ ಸಂತೋಷದ ಸುದ್ದಿ ಹೇಳಲಾರೆ. ಮಳೆಗಾಲದವರೆಗೆ ರೈಲು ಹತ್ತಬೇಕಿಲ್ಲ ಎಂದಷ್ಟೇ ಹೇಳು. ಅದಕ್ಕಿಂತ ಹೆಚ್ಚು ಹೇಳಬೇಡ.

ಹೊಸ ಚೀಟಿಗಳಲ್ಲಿ ಮೇಲೆ ಅವರ ಭಾಷೆಯ ಅಚ್ಚು, ಕೆಳಗೆ ಕನ್ನಡಕ್ಕೆ ಜಾಗವಿದೆ. ಕನ್ನಡವನ್ನು ನಾನೇ ಕೈಯಲ್ಲಿ ಬರೆಯುತ್ತಿದ್ದೇನೆ. ಗುಲಫಶಾ ಪಕ್ಕದಲ್ಲಿ ದಾರ ಪೋಣಿಸುತ್ತಿದ್ದಾಳೆ. ಒಂದೊಂದು ಕೌದಿಯ ಮೂಲೆಯನ್ನೂ ಹೆಬ್ಬೆರಳಿನಿಂದ ಒತ್ತುತ್ತೇನೆ, ಒಳಗೆ ಏನೂ ತಗುಲುವುದಿಲ್ಲ, ಆಮೇಲೆ ಬರೆಯುತ್ತೇನೆ. ಒಂದು ಚೀಟಿಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಒಂದಕ್ಷರವೂ ಬದಲಾಗಿಲ್ಲ, ನೋಡಿಕೋ. ಸರಿಯಿದ್ದರೆ ಕರಾರಿಗೆ ಸಹಿ ಹಾಕಿ ಮುಸ್ತಫಾ ಮಾಮಾನ ಕೈಗೆ ಕೊಡು.

ನಂದಿನಿ


(ಚೀಟಿ)

ಈ ಕೌದಿಗೆ ಉಣಿಸಿಲ್ಲ.
ನಿಮ್ಮ ಕೂಸು ಉಂಡ ಮೇಲೆ ಹೊದಿಸಿ.

ಹೊಲಿದವರು: ರೇಣಮ್ಮ
ನೋಡಿದವರು: ನಂದಿನಿ